ಮಡಿಲಕ್ಕಿ ತಂದ ಪ್ರವಾಸಿ

ಆಗೋದಿಲ್ಲ ಅಂತ ಹೇಳಿದವರು ನನ್ನ ಅತ್ತೆ. ಬೇರೆಯವರೂ ಮನಸ್ಸಿನಲ್ಲಿ ಅಂದುಕೊಂಡಿರಬಹುದು, ಆದರೆ ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ. ಅರಕಲಗೂಡಿನ ಮನೆಯ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನನ್ನ ಮುಖ ಕೂಡ ನೋಡಲಿಲ್ಲ.

"ಒಂದ್ ಕಾಲು ಆಸನದ ಕಾಲೇಜಲ್ಲಿ, ಇನ್ನೊಂದ್ ಕಾಲು ಸಮುದ್ರದ ಮಧ್ಯ. ಇಂಗೆ ನಿಂತ್ಕಂಡು ಡಿಗ್ರಿ ಮಾಡ್ದೋರ್ನ ನಾ ಎಲ್ಲೂ ಕಂಡಿಲ್ಲ ಕಣವ್ವ. ಆಗಕಿಲ್ಲ. ಅಲ್ಲಿಗಾರ ಓಗು, ಇಲ್ಲಾರ ನೆಟ್ಟಗಿರು."

ನಾನು ಎದುರು ಕೂತು ಕಾಳು ಬಿಡಿಸುತ್ತಿದ್ದೆ. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನನ್ನ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನನ್ನ ಗಂಡ ವಿಜ್ಞಾನದ ಮೇಷ್ಟ್ರು. ಇಲ್ಲಿ ಖಾಸಗಿ ಶಾಲೆಗಳಲ್ಲಿ ಟೆಂಪರರಿ ಅನ್ನಿಸಿಕೊಂಡೇ ವರ್ಷಗಳು ಕಳೆದಿದ್ದವು. ಕೊನೆಗೆ ಸಮುದ್ರದ ನಡುವಿನ ಒಂದು ಪುಟ್ಟ ದೇಶದ ಶಾಲೆಯಲ್ಲಿ ಕೆಲಸ ಸಿಕ್ಕಿತು. ಆ ದೇಶದ ಹೆಸರು ಇಲ್ಲಿ ಬೇಡ, ಅಲ್ಲಿಯ ಜನರ ಮೇಲೆ ನನಗೆ ದೂರಿಲ್ಲ. ನನ್ನ ಗಂಡನಿಗೆ ಕೊಟ್ಟದ್ದು ಒಂಟಿ ಗಂಡಸಿಗೆ ಸಾಲುವಷ್ಟು ಒಂದು ಕೋಣೆ. ಕರಾರಿನ ಪ್ರಕಾರ ಹೆಂಡತಿಯನ್ನು ಕರೆಸಿಕೊಂಡು ಸಂಸಾರ ಹೂಡುವ ಹಾಗಿರಲಿಲ್ಲ. ವರ್ಷಕ್ಕೊಮ್ಮೆ ರಜೆಗೆ ಅವರೇ ಊರಿಗೆ ಬರಬೇಕು.

ಆದರೆ ಒಂದು ಕಂಡಿ ಇತ್ತು. ಅವರು ಮೊದಲ ಕಾಗದದಲ್ಲೇ ಬರೆದಿದ್ದರು: "ಟೂರಿಸ್ಟ್ ಆಗಿ ಬರಬಹುದಂತೆ. ನಮ್ಮ ದೇಶದವರಿಗೆ ವೀಸಾ ಬೇಡ. ಇಳಿದ ಜಾಗದಲ್ಲೇ ಒಂದು ತಿಂಗಳಿಗೆ ಮುದ್ರೆ ಒತ್ತಿ ಕಳಿಸ್ತಾರೆ."

ತಿಂಗಳಾದ ಮೇಲೆ ವಾಪಸು ಬರಬೇಕು. ಮತ್ತೆ ಹೋಗಬಹುದು. ಎಷ್ಟು ಸಲ ಹೋಗಬಹುದು, ಎರಡು ಸಲದ ನಡುವೆ ಎಷ್ಟು ಬಿಡುವು ಇರಬೇಕು, ಯಾರಿಗೂ ಗೊತ್ತಿರಲಿಲ್ಲ. ಈ ಒಂದು ಪ್ರಶ್ನೆಯ ಮೇಲೆ ನನ್ನ ಸಂಸಾರ ಕೆಲವು ವರ್ಷ ನೇತಾಡಿತು.

ನಾನು ಹುಟ್ಟಿದ್ದು ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯಲ್ಲಿ. ಅಪ್ಪ ಹೆಬ್ಬೆಟ್ಟು ಒತ್ತಿಯೇ ಬದುಕು ಮುಗಿಸಿದವರು. ಅವ್ವ ಬಸ್ಸಿನ ಬೋರ್ಡನ್ನು ಅದರ ಬಣ್ಣ ನೋಡಿ ಗುರುತಿಸುತ್ತಿದ್ದಳು. ಪಿಯುಸಿಯಲ್ಲಿ ನಾನು ಇಂಗ್ಲಿಷಿನಲ್ಲಿ ಒಮ್ಮೆ ಡುಮ್ಕಿ ಹೊಡೆದು ಮತ್ತೆ ಕಟ್ಟಿ ಪಾಸು ಮಾಡಿದವಳು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರೇ ಇಲ್ಲ. ಈ ಮಾತನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ, ಇವತ್ತೂ.

ಗಂಡ ಅಲ್ಲಿಗೆ ಹೋದ ಮೇಲೆ ಹಾಸನದ ಕಾಲೇಜಿನಲ್ಲಿ ಬಿ.ಎ.ಗೆ ಸೇರಿಕೊಂಡೆ. ಆಗ ದೊಡ್ಡ ಆಸೆಯೇನೂ ಇರಲಿಲ್ಲ. ಅರಕಲಗೂಡಿನ ಆ ಮನೆಯಲ್ಲಿ ಇದ್ದವರು ನಾನು ಮತ್ತು ಅತ್ತೆ, ಇಬ್ಬರೇ. ಅತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಇದ್ದ ಒಬ್ಬ ಮಗನನ್ನು ಓದಿಸಿದವರು. ಮಾತು ಖರ್ಚು ಮಾಡುವ ಅಭ್ಯಾಸ ಅವರಿಗಿರಲಿಲ್ಲ. ಮಧ್ಯಾಹ್ನ ಉಂಡು ತಟ್ಟೆ ತೊಳೆದಿಟ್ಟರೆ ಆ ಸದ್ದು ಸಂಜೆಯವರೆಗೂ ಕಿವಿಯಲ್ಲಿ ಇರುತ್ತಿತ್ತು. ಬೆಳಗಿನ ಬಸ್ಸು ಹತ್ತಿ ಹಾಸನಕ್ಕೆ ಹೋದರೆ ಜನರಾದರೂ ಕಾಣುತ್ತಾರೆ ಅನ್ನಿಸಿತು. ಕಾಲೇಜಿನಲ್ಲಿ ಕೊರಳಲ್ಲಿ ತಾಳಿ ಇದ್ದವಳು ನಾನೊಬ್ಬಳೇ. ಹುಡುಗಿಯರು ನನ್ನನ್ನು ಬೆಂಚಿನ ತುದಿಯಲ್ಲಿ ಕೂರಿಸಿ, ಅಕ್ಕಾ ಅಂತ ಕರೆದು, ಅವರವರ ಮಾತು ಆಡಿಕೊಳ್ಳುತ್ತಿದ್ದರು. ಜನರ ನಡುವೆಯೂ ಒಬ್ಬಳೇ ಇರಬಹುದು ಅನ್ನುವುದು ಅಲ್ಲಿ ಗೊತ್ತಾಯಿತು.

ಭಾನುವಾರ ಟೆಲಿಫೋನ್ ಬೂತಿನಲ್ಲಿ ಕಾದು ಕೂತರೆ ಗಂಡನ ಫೋನು ಬರುತ್ತಿತ್ತು. ಆ ಲೈನಿನಲ್ಲಿ ಒಂದು ತೊಂದರೆ. ನಾನು ಆಡಿದ ಮಾತು ಸಮುದ್ರ ದಾಟಿ ಹೋಗಿ ಮೊದಲು ನನ್ನ ಕಿವಿಗೇ ವಾಪಸು ಬರುತ್ತಿತ್ತು. "ಊಟ ಆಯ್ತಾ?" ಅಂತ ನಾನು ಕೇಳಿದರೆ, "ಊಟ ಆಯ್ತಾ?" ಅಂತ ನನ್ನದೇ ದನಿ ನನ್ನನ್ನು ಕೇಳುತ್ತಿತ್ತು. ಅವರ ಉತ್ತರ ಅದರ ಹಿಂದೆ, ನಿಧಾನವಾಗಿ.

ಮೊದಲ ಸಲ ಹೊರಟಾಗ ಹಳೇಕೋಟೆಗೆ ಹೋಗಿ ಹೇಳಿ ಬಂದೆ. ಅವ್ವ ಮಣೆ ಹಾಕಿ ಕೂರಿಸಿ ಮಡಿಲು ತುಂಬಿದಳು. ನಮ್ಮಲ್ಲಿ ಮಗಳು ತವರಿಂದ ಗಂಡನ ಮನೆಗೆ ಹೊರಟರೆ ಬರಿ ಮಡಿಲಲ್ಲಿ ಕಳಿಸುವುದುಂಟೆ? ಅಕ್ಕಿ, ಕಾಯಿ, ಬೆಲ್ಲ, ಅರಿಶಿನದ ಕೊಂಬು, ಹಸಿರು ಬಳೆ, ಒಂದು ರವಿಕೆ ಕಣ. ಎಲ್ಲವನ್ನೂ ಸೆರಗಿಗೆ ಸುರಿದು, ಆಮೇಲೆ ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ ಬ್ಯಾಗಿಗೆ ಇಟ್ಟಳು. "ಓದ ದಿಸ್ವೇ ಈ ಅಕ್ಕೀಲಿ ಅನ್ನ ಮಾಡು" ಅಂದಳು.

ಹಾಸನದಿಂದ ಬೆಂಗಳೂರಿಗೆ ಬಸ್ಸು, ಅಲ್ಲಿಂದ ಕೇರಳದ ತುದಿಗೆ ರೈಲು, ಅಲ್ಲಿಂದ ವಿಮಾನ. ಇಳಿದ ಮೇಲೆ ಕೌಂಟರಿನಲ್ಲಿದ್ದ ಅಧಿಕಾರಿ "ಹಾಲಿಡೇ?" ಅಂದರು. ನಾನು "ಎಸ್" ಅಂದೆ. ಟಪ್ ಅಂತ ಮುದ್ರೆ ಬಿತ್ತು. ಅಷ್ಟೇ. ಹೊರಗೆ ಕಟಕಟೆ ಹಿಡಿದು ನಿಂತಿದ್ದ ನನ್ನ ಗಂಡ ನನ್ನ ಬ್ಯಾಗು ಎತ್ತಿಕೊಂಡು, ಭಾರ ನೋಡಿ ನಕ್ಕರು.

ಗಂಟು ಬಿಚ್ಚಿದಾಗ ಇನ್ನೂ ನಕ್ಕರು. ಸುತ್ತ ಎತ್ತ ನೋಡಿದರೂ ತೆಂಗಿನ ಮರವೇ ಇರುವ ದ್ವೀಪಕ್ಕೆ ನಾನು ಹಳೇಕೋಟೆಯಿಂದ ತೆಂಗಿನಕಾಯಿ ಹೊತ್ತು ತಂದಿದ್ದೆ.

ಅವರು ಬೆಳಿಗ್ಗೆ ಶಾಲೆಗೆ ಹೋದರೆ ಆ ಕೋಣೆಯಲ್ಲಿ ನಾನು, ಫ್ಯಾನು, ಅರ್ಥಶಾಸ್ತ್ರದ ನೋಟ್ಸು. ಅಕ್ಕಪಕ್ಕದ ಹೆಂಗಸರು ನಗುತ್ತಿದ್ದರು, ನಾನೂ ನಗುತ್ತಿದ್ದೆ, ಭಾಷೆ ಬಾರದೆ ಇಬ್ಬರ ಮಾತೂ ಅಲ್ಲಿಗೇ ನಿಲ್ಲುತ್ತಿತ್ತು. ಯಾವ ಕಡೆ ನಡೆದರೂ ಸ್ವಲ್ಪ ಹೊತ್ತಿಗೆ ನೀರು ಎದುರಾಗುತ್ತಿತ್ತು. ಹೇಮಾವತಿ ಕಾಲುವೆಯಲ್ಲಿ ಕಾಲಾಡಿಸಿ ಬೆಳೆದ ನನಗೆ, ಆಚೆ ದಡವೇ ಇಲ್ಲದ ನೀರು ನೋಡಿದರೆ ಕೋಣೆಗೆ ವಾಪಸು ಹೋಗಿಬಿಡೋಣ ಅನ್ನಿಸುತ್ತಿತ್ತು. ಅಡುಗೆ ಮಾಡಿದೆ, ಬಟ್ಟೆ ಒಗೆದೆ, ಅವರ ಅಂಗಿಗೆ ಗುಂಡಿ ಹಾಕಿದೆ. ಆದರೆ ಕಾಗದದ ಮೇಲೆ ನಾನು ಊರು ನೋಡಲು ಬಂದವಳು. ಗಂಡನ ಮನೆಯಲ್ಲಿ ಪ್ರವಾಸಿ.

ಅವರ ಹೆಡ್‌ಮಾಸ್ಟರು ಒಂದು ದಿನ ಚಹಾಕ್ಕೆ ಬಂದಿದ್ದರು. ನನ್ನ ನೋಟ್ಸು ತಿರುವಿ ನೋಡಿ, "ಡಿಗ್ರಿ ಮುಗಿಸಿ ಅರ್ಜಿ ಹಾಕಿ. ಚಿಕ್ಕ ಮಕ್ಕಳ ಕ್ಲಾಸಿಗೆ ನಮಗೆ ಟೀಚರು ಬೇಕು. ಆಗ ನಿಮ್ಮ ಹೆಸರಿನಲ್ಲೇ ಕೆಲಸದ ಪರ್ಮಿಟ್ ಆಗುತ್ತೆ, ಹೀಗೆ ತಿಂಗಳ ಲೆಕ್ಕದಲ್ಲಿ ಬಂದು ಹೋಗೋದು ತಪ್ಪುತ್ತೆ" ಅಂದರು. ಅವರು ಲೋಕಾಭಿರಾಮವಾಗಿ ಹೇಳಿದ್ದಿರಬಹುದು. ನಾನು ಮಾತ್ರ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಜನ ನೋಡಲಿಕ್ಕೆ ಅಂತ ಸೇರಿದ ಕಾಲೇಜು ಆ ದಿನದಿಂದ ಬೇರೆಯಾಯಿತು.

ಅತ್ತೆ ಅವರೆಕಾಯಿ ಸುಲಿಯುತ್ತಾ "ಆಗಕಿಲ್ಲ" ಅಂದದ್ದು ನಾನು ವಾಪಸು ಬಂದು ಇದನ್ನು ಹೇಳಿದಾಗಲೇ.

ಎರಡನೇ ಸಲ ಹೋದದ್ದು ಮಾರನೆಯ ವರ್ಷ, ಕಾಲೇಜಿನ ರಜೆಯಲ್ಲಿ. ಅದರ ಹಿಂದೆ ಮುಂದೆ ನನ್ನ ಗಂಡ ಕೂಡ ಊರಿಗೆ ಬಂದು ಹೋಗಿದ್ದರು. ಕೌಂಟರಿನಲ್ಲಿ ಬೇರೆ ಅಧಿಕಾರಿ. ಪಾಸ್‌ಪೋರ್ಟಿನ ಹಾಳೆ ಮಗುಚಿ, ಹಿಂದಿನ ಮುದ್ರೆ ನೋಡಿ, "ಮತ್ತೆ ಬಂದಿರಾ?" ಅಂತ ಇಂಗ್ಲಿಷಿನಲ್ಲಿ ಕೇಳಿದರು. ಬ್ಯಾಗು ತೆರೆಯಿರಿ ಅಂದರು. ತೆರೆದೆ. ಅವ್ವನ ಗಂಟು ಮೇಲೇ ಇತ್ತು.

ಅಕ್ಕಿ, ಕಾಯಿ, ಬೆಲ್ಲ, ಬಳೆ ಒಂದೊಂದಾಗಿ ಮೇಜಿನ ಮೇಲೆ ಬಂತು. ಅರಿಶಿನದ ಕೊಂಬನ್ನು ಅವರು ಮೂಗಿನ ಹತ್ತಿರ ಹಿಡಿದು ನೋಡಿದರು.

"ಇದು ಮಾರಲಿಕ್ಕಾ?"

ನನಗೆ ಬಂದ ಇಂಗ್ಲಿಷಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ತಾಯಿ ಕೊಟ್ಟದ್ದು. ಗಂಡನ ಮನೆಗೆ ಹೋಗುವಾಗ ಕೊಡುತ್ತಾರೆ.

ಅವರು ಮುಖ ಎತ್ತಿದರು. "ಹಾಗಾದರೆ ನಿಮ್ಮ ಮನೆ ಇಲ್ಲಿದೆಯಾ?"

ಹಳೇಕೋಟೆಯ ಹೆಣ್ಣುಮಗಳು ಈ ಪ್ರಶ್ನೆಗೆ ಇಲ್ಲ ಅಂತ ಹೇಗೆ ಹೇಳಬೇಕು? ಗಂಡ ಇದ್ದಲ್ಲಿ ಮನೆ ಅಂತ ಹೇಳಿಕೊಟ್ಟೇ ಬೆಳೆಸಿದ್ದರು. ಹೌದು ಅಂದರೆ ನಾನು ಪ್ರವಾಸಿ ಅಲ್ಲ, ಇಲ್ಲ ಅಂದರೆ ಮೇಜಿನ ಮೇಲಿರುವ ಅಕ್ಕಿ ಸುಳ್ಳಾಗುತ್ತದೆ. ಅವರು ಹಿರಿಯರೊಬ್ಬರನ್ನು ಕರೆದರು. ಇಬ್ಬರೂ ತಮ್ಮ ಭಾಷೆಯಲ್ಲಿ ಮಾತಾಡಿಕೊಂಡರು. ಕೊನೆಗೆ ಮುದ್ರೆ ಒತ್ತಿದರು. ಆ ಹಿರಿಯರು ಮಾತ್ರ ಮೆತ್ತಗೆ ಹೇಳಿದರು: "ಪ್ರವಾಸಿ ಅಂದರೆ ಬಂದು, ನೋಡಿ, ಹೋಗುವವರು. ಪದೇ ಪದೇ ಬರುವ ಹಾಗಿದ್ದರೆ ತೊಂದರೆಯಾಗಬಹುದು."

ಪದೇ ಪದೇ ಅಂದರೆ ಎಷ್ಟು? ಕೇಳುವ ಧೈರ್ಯ ಬರಲಿಲ್ಲ. ಊರಿಗೆ ಬಂದ ಮೇಲೆ ಅದನ್ನೇ ಎಲ್ಲರನ್ನೂ ಕೇಳಿಕೊಂಡು ತಿರುಗಿದೆ. ಹಾಸನದ ಬಸ್‌ಸ್ಟ್ಯಾಂಡಿನ ಹತ್ತಿರ ವಿಮಾನದ ಟಿಕೆಟ್ ಮಾಡಿಕೊಡುವ ಒಂದು ಅಂಗಡಿ ಇತ್ತು. ಅಲ್ಲಿದ್ದವನು ನನ್ನ ಪಾಸ್‌ಪೋರ್ಟನ್ನು ಬಿಸಿ ದೋಸೆಯ ಹಾಗೆ ಎರಡು ಬೆರಳಲ್ಲಿ ಹಿಡಿದು, "ಆರು ತಿಂಗಳು ಗ್ಯಾಪ್ ಕೊಡಿ ಮೇಡಂ" ಅಂದ.

"ಎಲ್ಲಿ ಬರೆದಿದೆ?"

"ಎಲ್ಲೂ ಬರ್ದಿಲ್ಲ. ಕೌಂಟರ್‌ನಲ್ಲಿ ಕೂತಿರ್ತಾನಲ್ಲ, ಅವನು ಬೆಳಿಗ್ಗೆ ಹೆಂಡ್ತಿ ಹತ್ರ ಬೈಸ್ಕೊಂಡು ಬಂದಿರಬಾರ್ದು, ಅದೇ ರೂಲು."

ಚನ್ನರಾಯಪಟ್ಟಣದ ಕಡೆ ಬಾಗೂರಿನಲ್ಲಿ ಒಬ್ಬರಿದ್ದರು. ಅವರ ಯಜಮಾನರೂ ಅದೇ ದೇಶದಲ್ಲಿ ಮೇಷ್ಟ್ರು. ಬಸ್ಸು ಬದಲಿಸಿ ಅವರ ಮನೆಗೆ ಹೋದೆ. ಆಕೆ ನನಗಿಂತ ದೊಡ್ಡವರು, ಕಾಫಿ ಕೊಟ್ಟು ನನ್ನ ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಲ್ಲಾ ಕಣಮ್ಮಿ, ಮಡ್ಲಕ್ಕಿ ತಕ್ಕಂಡು ಟೂರ್ ಓಗಿದ್ಯಲ್ಲ! ನಾನು ಎಷ್ಟೋ ಸಲ ಓಗ್ಬಂದೆ, ಒಬ್ಬ ತುಟಿ ಬಿಚ್ಚಿಲ್ಲ. ಚೂಡಿದಾರ ಆಕ್ಕ, ಕಪ್ಪು ಕನ್ನಡ್ಕ ಆಕ್ಕ, ಕೊಳ್ಳಲ್ಲಿ ಕ್ಯಾಮ್ರಾ ನ್ಯಾತಾಕ್ಕ. ಬೇಲೂರಿಗೆ ಬತ್ತಾರಲ್ಲ ಬಿಳಿಯೋರು, ಅಂಗೆ ಬಾಯಿ ಬುಟ್ಕಂಡು ಆಕಡೆ ಈಕಡೆ ನೋಡ್ತಾ ಓಗು."

"ಆರು ತಿಂಗಳು ಬಿಡುವು ಬೇಕಂತಲ್ಲ ಅಕ್ಕ?"

"ಯಾವನ್ ಅಂದೋನು? ನಾನು ಎರಡೇ ತಿಂಗ್ಳಿಗೆ ಓಗಿವ್ನಿ."

ಇಬ್ಬರಲ್ಲಿ ಯಾರ ಮಾತು ನಂಬಬೇಕೋ ತಿಳಿಯದೆ ವಾಪಸು ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತು, ಹೀಗೆ ಕೇಳಿ ಹೇಳಲು ಕೂಡ ಇಡೀ ಜಿಲ್ಲೆಯಲ್ಲಿ ನನಗೆ ಇರುವುದು ಒಬ್ಬ ಅಂಗಡಿಯವನು, ಒಬ್ಬ ಪರಿಚಯವಿಲ್ಲದ ಹೆಂಗಸು, ಅಷ್ಟೇ ಅಲ್ಲವೇ ಅಂದುಕೊಂಡೆ.

ಕೊನೆಯ ವರ್ಷದ ಪರೀಕ್ಷೆಗೆ ಕೆಲವು ತಿಂಗಳು ಇತ್ತು. ಒಂದು ಭಾನುವಾರ ಫೋನಿನಲ್ಲಿ ನನ್ನ ಗಂಡನ ದನಿ ಸಣ್ಣಗಾಗಿತ್ತು. ಜ್ವರ ಬಂದು ಹೋಯಿತು ಅಂದರು. ಆಮೇಲೆ, "ಒಂದ್ಸಲ ಬಂದು ಹೋಗ್ತೀಯಾ?" ಅಂದರು. ಅವರು ಹಾಗೆ ಕೇಳುವವರಲ್ಲ. "ಬರ್ತೀನಿ ರೀ" ಅಂದೆ. ನನ್ನ ಮಾತು ವಾಪಸು ಬಂದು ನನಗೂ ಕೇಳಿಸಿತು.

ಹಳೇಕೋಟೆಗೆ ಈ ಸಲ ಅತ್ತೆಯೂ ನನ್ನ ಜೊತೆ ಬಂದಿದ್ದರು. ಅವ್ವ ಮಣೆ ಹಾಕಿದಳು. ನಾನು ಕೂರಲಿಲ್ಲ.

"ಬ್ಯಾಡ ಕಣವ್ವ. ಅಲ್ಲಿ ಬ್ಯಾಗು ಬಿಚ್ಚಿಸಿ ನೋಡ್ತಾರೆ. ಇದ್ನ ನೋಡುದ್ರೆ ಬಾಳಾಟ ಮಾಡಾಕೆ ಬಂದವ್ಳೆ ಅಂತ ಗೊತ್ತಾಯ್ತದೆ."

"ಅಯ್ಯೋ, ಬಾಳಾಟ ಮಾಡಾಕೇ ತಾನೆ ಓಗ್ತಿರಾದು? ಕದ್ದು ಓಗ್ತಿದ್ದೀಯ?"

"ಟೂರಿಸ್ಟು ಅಂತ ಓಗ್ತಿರಾದು."

"ಟೂರಿಸ್ಟಿಗೆ ಗಂಡ ಇರ್ಬಾರ್ದ?" ಅವ್ವ ಅತ್ತೆಯ ಕಡೆ ತಿರುಗಿದಳು. "ನೀವಾರ ಏಳಿ ಬೀಗ್ರೇ. ಬರಿ ಮಡಿಲಲ್ಲಿ ಮಗಳ್ನ ಕಳ್ಸುದ್ರೆ ನೋಡ್ದೋರು ಏನಂದಾರು? ಸಾವಿನ ಮನೆಯಿಂದ ಕಳ್ಸಿದಂಗೆ."

ಅತ್ತೆ ಎಲೆ ಅಡಿಕೆ ಮೆಲ್ಲುತ್ತಾ ಹೇಳಿದರು: "ಅವ್ಳಿಗೆ ಬ್ಯಾಡ ಅಂದ್ಮೇಲೆ ಬುಡಿ. ಅಲ್ಲೋಗಿ ನಿಂತ್ಕಳಾಳು ಅವ್ಳು ತಾನೆ."

ಅವ್ವ ಒಲೆಯ ಕಡೆ ತಿರುಗಿ ಕೂತುಬಿಟ್ಟಳು. ನಾನು ಹೊರಡುವಾಗಲೂ ಎದ್ದು ಬರಲಿಲ್ಲ.

ಚೂಡಿದಾರ ಹಾಕಿಕೊಂಡೆ. ಕನ್ನಡಕ ಹಾಕಲು ನಾಚಿಕೆಯಾಗಿ ಬ್ಯಾಗಿನಲ್ಲಿಟ್ಟುಕೊಂಡೆ. ಪುಸ್ತಕ ಕೂಡ ಒಯ್ಯಲಿಲ್ಲ, ಪ್ರವಾಸಿಗಳು ಅರ್ಥಶಾಸ್ತ್ರ ಓದುವುದಿಲ್ಲವಲ್ಲ. ಬ್ಯಾಗು ಎಷ್ಟು ಹಗುರವಾಗಿತ್ತು ಅಂದರೆ ದಾರಿಯುದ್ದಕ್ಕೂ ಏನೋ ಮರೆತು ಬಂದಿದ್ದೇನೆ ಅನ್ನಿಸುತ್ತಲೇ ಇತ್ತು.

ಕೌಂಟರಿನಲ್ಲಿ ಬ್ಯಾಗು ಬಿಚ್ಚಿಸಲೇ ಇಲ್ಲ. ಹಾಳೆ ಮಗುಚಿದರು, ಹಿಂದಿನ ಎರಡು ಮುದ್ರೆ ನೋಡಿದರು, ಕಂಪ್ಯೂಟರಿನಲ್ಲಿ ಏನೋ ನೋಡಿದರು. ಒಂದು ಕುರ್ಚಿ ತೋರಿಸಿದರು. ಸಂಜೆಯ ವಿಮಾನದಲ್ಲಿ ವಾಪಸು ಹೋಗಬೇಕು ಅಂದರು. ಗದರಲಿಲ್ಲ, ನೀರು ಕೊಟ್ಟರು. "ನಾನು ಏನು ತಪ್ಪು ಮಾಡಿದೆ?" ಅಂತ ಕೇಳಿದೆ. "ತಪ್ಪಲ್ಲ. ಇನ್ನು ಮುಂದೆ ಸರಿಯಾದ ಪರ್ಮಿಟ್ ತಗೊಂಡು ಬನ್ನಿ" ಅಂದರು. ನನ್ನ ಪಕ್ಕದ ಸಾಲಿನಲ್ಲಿ ಟೋಪಿ ಹಾಕಿಕೊಂಡ ಪ್ರವಾಸಿಗಳು ನಗುತ್ತಾ ಒಬ್ಬರ ಹಿಂದೆ ಒಬ್ಬರು ಹೊರಗೆ ಹೋಗುತ್ತಿದ್ದರು.

ಒಬ್ಬರು ಕನಿಕರಪಟ್ಟು ನನ್ನನ್ನು ಗಾಜಿನ ಹತ್ತಿರ ಕರೆದುಕೊಂಡು ಹೋದರು. ಆಚೆ ನನ್ನ ಗಂಡ ನಿಂತಿದ್ದರು. ಬಹಳ ಇಳಿದು ಹೋಗಿದ್ದರು. ಗಾಜು ದಪ್ಪ, ಮಾತು ಕೇಳಿಸುತ್ತಿರಲಿಲ್ಲ. ಅವರು ಕೈಯನ್ನು ಬಾಯಿಯ ಹತ್ತಿರ ತಂದು ಊಟ ಮಾಡಿದೆಯಾ ಅಂತ ಕೇಳಿದರು. ನಾನು ಹೌದು ಅಂತ ತಲೆಯಾಡಿಸಿದೆ. ಮಾಡಿರಲಿಲ್ಲ. ಆಮೇಲೆ ಅವರು ಹೆಬ್ಬೆರಳು ತೋರುಬೆರಳು ಸೇರಿಸಿ ಗಾಳಿಯಲ್ಲಿ ಬರೆದು ತೋರಿಸಿದರು. ಪರೀಕ್ಷೆ ಬರಿ ಅಂತ.

ಅರಕಲಗೂಡಿಗೆ ಬಂದು ಮುಟ್ಟಿದಾಗ ಬೆಳಿಗ್ಗೆ. ಅತ್ತೆ ಬಾಗಿಲಿಗೆ ನೀರು ಹಾಕುತ್ತಿದ್ದರು. ನನ್ನನ್ನೂ ಬ್ಯಾಗನ್ನೂ ನೋಡಿದರು. ತಿಂಗಳಾದ ಮೇಲೆ ಬರಬೇಕಾದವಳು ವಾರದೊಳಗೆ ಬಂದಿದ್ದೆ.

"ಬಂದ್ಯಾ? ಕಾಲ್ ತೊಳ್ಕ" ಅಂದರು. ರೊಟ್ಟಿ ತಟ್ಟಿ ಹಾಕಿದರು. ನಾನು ಅಡುಗೆಮನೆಯಲ್ಲಿ ಕೂತು ತಿನ್ನುತ್ತಿದ್ದಾಗ ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು, "ಇದೇನ್ರವ್ವ, ಸೊಸೆ ಇಷ್ಟ್ ಬೇಗ್ನೆ ಬಂದ್ಬುಟ್ಲು? ಗಂಡ ಎಂಡ್ತಿ ನೆಟ್ಟಗವ್ರಾ?" ಅಂದದ್ದು ಕೇಳಿಸಿತು.

"ಅವ್ಳಿಗೆ ಪರೀಕ್ಷೆ ಅದೆ" ಅಂದರು ಅತ್ತೆ. "ನಾನೇ ಬಾ ಅಂದೆ. ಡಿಗ್ರಿ ಏನ್ ಉಡುಗಾಟವ?"

ಆಗಕಿಲ್ಲ ಅಂದವರು ನನ್ನ ಮಾನ ಮುಚ್ಚಲು ಡಿಗ್ರಿಯನ್ನೇ ಹೊದಿಸಿದ್ದರು. ಇನ್ನು ಅದನ್ನು ಮಾಡದೆ ಇರುವ ಹಾಗಿರಲಿಲ್ಲ. ಅತ್ತೆ ಆಡಿದ ಸುಳ್ಳನ್ನು ನಿಜ ಮಾಡಬೇಕಿತ್ತು.

ಅವ್ವನಿಗೆ ವಿಷಯ ಗೊತ್ತಾದಾಗ ಅವಳು ಅಂದದ್ದು ಒಂದೇ ಮಾತು: "ಮಡಿಲು ತುಂಬಿಸ್ಕಳ್ದೆ ಓದ್ಯಲ್ಲ, ಅದ್ಕೇ." ಹೆಚ್ಚು ಸಲ ಹೋದದ್ದಕ್ಕೆ ಅಂತ ನಾನು ವಾದ ಮಾಡಿದೆ. ಆದರೆ ಯೋಚಿಸಿದರೆ, ಬಾಗೂರಿನಾಕೆ ನನಗಿಂತ ಹೆಚ್ಚು ಸಲ ಹೋಗಿ ಬಂದಿದ್ದರು. ಟಿಕೆಟ್ ಅಂಗಡಿಯವನು ಹೇಳಿದ ಬಿಡುವನ್ನೂ ನಾನು ಕೊಟ್ಟಿದ್ದೆ. ಯಾಕೆ ಬಿಡಲಿಲ್ಲ ಅನ್ನುವುದಕ್ಕೆ ಅವ್ವನ ಹತ್ತಿರ ಒಂದು ಕಾರಣವಾದರೂ ಇತ್ತು. ನನ್ನ ಹತ್ತಿರ ಅದೂ ಇರಲಿಲ್ಲ.

ಓದಿದೆ. ಬಸ್ಸಿನಲ್ಲಿ, ಹಿತ್ತಲಲ್ಲಿ, ಅನ್ನ ಬೇಯುವಷ್ಟು ಹೊತ್ತಿನಲ್ಲಿ. ಬಿಡಿಸಿ ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಗೋಡೆಗೆ ಪಾಠ ಹೇಳಿಕೊಂಡು ಕಲಿತೆ. ಅತ್ತೆ ಕೆಲಸಕ್ಕೆ ಕರೆಯುವುದನ್ನು ನಿಲ್ಲಿಸಿದರು. ಓದು ಅಂತಲೂ ಒಮ್ಮೆಯೂ ಅನ್ನಲಿಲ್ಲ. ಪರೀಕ್ಷೆ ಬರೆದೆ. ಪಾಸಾದೆ, ಸೆಕೆಂಡ್ ಕ್ಲಾಸು. ಭಾನುವಾರ ಬೂತಿನಲ್ಲಿ ಅದನ್ನು ಕೂಗಿ ಹೇಳಿದೆ. "ಪಾಸಾದೆ" ಅಂತ ನನ್ನ ದನಿ ನನಗೂ ಒಮ್ಮೆ ಹೇಳಿತು. ಅವತ್ತು ಆ ಲೈನಿನ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಸರ್ಟಿಫಿಕೇಟು ಬರುವುದು ತಡವಾಯಿತು. ಅದಿಲ್ಲದೆ ಆ ಹೆಡ್‌ಮಾಸ್ಟರಿಗೆ ಅರ್ಜಿ ಕಳಿಸುವ ಹಾಗಿರಲಿಲ್ಲ. ಹಾಸನಕ್ಕೆ ಹೋದಾಗಲೆಲ್ಲ ಕಾಲೇಜಿನ ಆಫೀಸಿನ ಕಿಟಕಿಗೆ ಹೋಗಿ ಕೇಳುತ್ತಿದ್ದೆ. ಕೊನೆಯ ಸಲ ಅತ್ತೆಯೂ ಜೊತೆಗಿದ್ದರು. ಅವರ ಕಣ್ಣು ತೋರಿಸಲು ಹೋಗಿದ್ದೆವು. ಕಿಟಕಿಯ ಗುಮಾಸ್ತರು ನನ್ನನ್ನು ನೋಡಿ ನಕ್ಕರು.

"ಏನಮ್ಮಾ, ಮತ್ತೆ ಬಂದ್ರಾ?"

ಸಮುದ್ರದಾಚೆಯ ಬೇರೆ ಕಿಟಕಿಯಲ್ಲಿ ಕೇಳಿದ್ದ ಮಾತು ಅದು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದು ಸರಳು ಹಿಡಿದು ನಿಂತರು.

"ಬರ್ದೆ ಇನ್ನೇನ್ ಸಾ? ಅವಳ್ದು ತಾನೆ ಅದು? ಕೊಡಗಂಟ ಬತ್ತಳೆ."

"ಬಂದಿದೆ ಅಜ್ಜಿ, ಬಂದಿದೆ, ಕೋಪ ಮಾಡ್ಕೋಬೇಡಿ" ಅಂದರು ಗುಮಾಸ್ತರು. ನನ್ನ ಸಹಿ ಹಾಕಿಸಿಕೊಂಡು, ದಪ್ಪ ಕಾಗದವನ್ನು ಸರಳಿನ ಸಂದಿಯಿಂದ ಹೊರಗೆ ಚಾಚಿದರು. ನಾನು ಪೆನ್ನು ಮುಚ್ಚಿ ಕೈ ನೀಡುವಷ್ಟರಲ್ಲಿ ಅತ್ತೆ ಎರಡೂ ಕೈಯಲ್ಲಿ ಸೆರಗು ಹಿಡಿದು, ಮಡಿಲಕ್ಕಿ ಹಾಕಿಸಿಕೊಳ್ಳುವ ಹಾಗೆ, ಅದರೊಳಗೆ ಅದನ್ನು ತೆಗೆದುಕೊಂಡರು. ತಿರುಗಿಸಿ ತಿರುಗಿಸಿ ನೋಡಿದರು. ಓದಲು ಬರುತ್ತಿರಲಿಲ್ಲ. ನನ್ನ ಹೆಸರು ಯಾವುದು ಅಂತ ಕೇಳಿದರು, ತೋರಿಸಿದೆ. ಅದರ ಮೇಲೆ ಬೆರಳಿಟ್ಟು, ಆಮೇಲೆ ಆ ಕಾಗದವನ್ನು ನನ್ನ ಸೆರಗಿಗೆ ಹಾಕಿದರು.

"ಆಗಕಿಲ್ಲ ಅಂದಿದ್ದೆ ನಾನು" ಅಂದರು. "ಮಡುಚ್ಬ್ಯಾಡ ಇದ್ನ. ಅಲ್ಲಿ ಕಿಟಕೀಲಿ ಕೂತಿರೋನು ಯಾಕ್ ಬಂದೆ ಅಂದ್ರೆ, ಗಂಡನ್ನ ನೋಡಾಕೆ ಅನ್ಬ್ಯಾಡ. ಕೆಲ್ಸಕ್ಕೆ ಬಂದಿವ್ನಿ ಅನ್ನು."